ಬೀಡಿ ಬಿಡಲು ಎಷ್ಟು ಸಲ ಹೊಳೆ ದಾಟಬೇಕು?

ಪ್ರಶ್ನೆ: ನಮ್ಮದು ಕಾಸರಗೋಡಿನ ಕುಂಬಳೆ ಕಡೆಯ ಒಂದು ಕುದ್ರು, ಹೊಳೆ ನಡುವಿನ ದ್ವೀಪ. ಆಚೆ ದಡಕ್ಕೆ ದೋಣಿಯೇ ಗತಿ. ಅಪ್ಪನಿಗೆ 58 ವರ್ಷ. ದಿನಕ್ಕೆ 20-25 ಬೀಡಿ ಸೇದುತ್ತಾರೆ, ಎದ್ದ ಕೂಡಲೇ ಮೊದಲನೆಯದು ಬೇಕು. ಊಟದ ಮೇಲೆ ಹೊಗೆಸೊಪ್ಪು ಹಾಕಿ ಎಲೆಯಡಿಕೆ. ಉಬ್ಬಸಕ್ಕೆ ಮಾತ್ರೆ ನುಂಗುತ್ತಾರೆ. ಎರಡು ಸಲ ಬೀಡಿ ಬಿಟ್ಟರು, ಎರಡೂ ಸಲ ನಾಲ್ಕನೇ ದಿನ ಮತ್ತೆ ಹಚ್ಚಿದರು. ಅಮ್ಮ ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಅಪ್ಪನಿಗೆ ಮಲಯಾಳ ಅಷ್ಟಾಗಿ ಬರುವುದಿಲ್ಲ. ಮಳೆಗಾಲದಲ್ಲಿ ಆಸ್ಪತ್ರೆಗೆ ಓಡಾಡುವುದು ಹೇಗೆ?

ಉತ್ತರ: ಒಂದು ಸಲವಂತೂ ದಾಟಲೇಬೇಕು, ಮಳೆ ಹಿಡಿಯುವ ಮೊದಲೇ ದಾಟಿಬಿಡಿ. ಉಳಿದ ಹೆಚ್ಚಿನ ಕೆಲಸ ಫೋನಿನಲ್ಲಿ ಆಗುತ್ತದೆ.

ಭಾಷೆಯ ಚಿಂತೆ ಬೇಡ. ಅಂಗಡಿಯಿಂದ ತಂದ ಬೀಡಿ ಕಟ್ಟಿನ ಎಚ್ಚರಿಕೆ ಚಿತ್ರದ ಹತ್ತಿರವೇ 1800-11-2356 ಎಂಬ ನಂಬರ್ ಅಚ್ಚಾಗಿರುತ್ತದೆ. ಅದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲಿ ಮಾತಾಡುತ್ತಾರೆ. ಬಿಡುವ ದಿನ ಗೊತ್ತುಮಾಡಿಸಿ, ಆಮೇಲೆ ಅವರೇ ತಿರುಗಿ ಕರೆ ಮಾಡಿ ವಿಚಾರಿಸುತ್ತಾರೆ. ಮಾತಾಡುವವರು ಅಪ್ಪನೇ ಆಗಿರಲಿ. ಮಕ್ಕಳು ಅವರ ಪರವಾಗಿ ವರದಿ ಒಪ್ಪಿಸಿದರೆ ಪ್ರಯೋಜನ ಕಡಿಮೆ.

ದಡ ದಾಟಿದ ದಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೇರಳದಲ್ಲಿ ಉಬ್ಬಸ, ದಮ್ಮಿನ ರೋಗಿಗಳಿಗೆಂದು ‘ಶ್ವಾಸ್’ ಕ್ಲಿನಿಕ್‌ಗಳಿವೆ. ಹತ್ತಿರ ಎಲ್ಲಿದೆ, ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಮಂಗಲ್ಪಾಡಿಯ ತಾಲ್ಲೂಕು ಆಸ್ಪತ್ರೆ ಅಥವಾ ಕಾಸರಗೋಡಿನ ಜನರಲ್ ಆಸ್ಪತ್ರೆ. ಈಗ ನುಂಗುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ. ಇದು ಬಹಳ ಮುಖ್ಯ. ಉಬ್ಬಸದ ಮಾತ್ರೆಯಲ್ಲಿ ಥಿಯೋಫಿಲಿನ್ ಇದ್ದರೆ, ಬೀಡಿಯ ಹೊಗೆ ಅದನ್ನು ದೇಹದಲ್ಲಿ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತ ವಾರದೊಳಗೆ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ಎದೆ ಬಡಿತ, ವಾಂತಿ, ಕೈನಡುಕ ಬರಬಹುದು. ಅಪ್ಪ ಅದನ್ನು ‘ಬೀಡಿ ಬಿಟ್ಟದ್ದೇ ತಪ್ಪಾಯ್ತು’ ಎಂದುಕೊಳ್ಳುತ್ತಾರೆ. ಪ್ರಮಾಣ ಎಷ್ಟು ಇಳಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಚಹಾ, ಕಾಫಿಗೂ ಇದೇ ಲೆಕ್ಕ. ಅರ್ಧಕ್ಕೆ ಇಳಿಸದಿದ್ದರೆ ನಿದ್ದೆ ಹಾರುತ್ತದೆ.

ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನ್ನುವವರಿಗೆ ಬೀಡಿಯ ಸೆಳೆತ ತಗ್ಗಿಸಲು ಜಗಿಯುವ ನಿಕೋಟಿನ್ ಗಮ್, ಸಾಮಾನ್ಯವಾಗಿ 4 ಮಿ.ಗ್ರಾಂ.ನದ್ದು. ಅದಕ್ಕೆ ವೈದ್ಯರ ಚೀಟಿ ಬೇಕು, 2 ಮಿ.ಗ್ರಾಂ.ನದ್ದು ಚೀಟಿಯಿಲ್ಲದೆ ಸಿಗುತ್ತದೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದು. ದಿನಕ್ಕೆ 12 ಎಂದು ಹಿಡಿದರೂ ಎರಡು ವಾರಕ್ಕೆ 168, ಹತ್ತರ ಪಟ್ಟಿಯಾದರೆ 17. ದೋಣಿ ನಿಲ್ಲುವ ಊರಲ್ಲಿ ಇಷ್ಟಾದರೂ ಮನೆಯಲ್ಲಿರಲಿ. ಏಳನೇ ವಾರದಿಂದ ಎರಡರಿಂದ ನಾಲ್ಕು ಗಂಟೆಗೊಂದು, ಹತ್ತನೇ ವಾರದಿಂದ ನಾಲ್ಕರಿಂದ ಎಂಟು ಗಂಟೆಗೊಂದು, ಹನ್ನೆರಡಕ್ಕೆ ಮುಕ್ತಾಯ. ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ, ಆದರೆ ದಿನವಿಡೀ ನೀರಲ್ಲಿಳಿದು ಮರುವಾಯಿ (ಚಿಪ್ಪುಮೀನು) ಹೆಕ್ಕುವವರಿಗೆ, ಬೆವರಿಗೆ, ಅದು ನಿಲ್ಲುವುದು ಕಷ್ಟ. ಹಲ್ಲು ಸೆಟ್ ಇದ್ದರೆ ಗಮ್ ಅಂಟಿಕೊಳ್ಳುತ್ತದೆ, ಆಗ ಚೀಪುವ ಲೋಜೆಂಜ್ ಕೇಳಿ.

ಗಮ್ಮನ್ನು ಬಬಲ್‌ಗಮ್‌ನಂತೆ ಜಗಿದು ಜೊಲ್ಲು ನುಂಗಿದರೆ ಬಿಕ್ಕಳಿಕೆ, ಎದೆಯುರಿ. ನಿಧಾನ ಜಗಿಯಬೇಕು. ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಡಬೇಕು. ಚುರುಕು ಆರಿದ ಮೇಲೆ ಮತ್ತೆ ಎರಡು ಜಗಿತ, ಈ ಸಲ ಬೇರೆ ಕಡೆ ಇಡಬೇಕು. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಮೊದಲಿನ 15 ನಿಮಿಷ ಚಹಾ, ಮಜ್ಜಿಗೆ, ಪುನರ್ಪುಳಿ ಶರಬತ್ತು ಯಾವುದೂ ಬೇಡ; ಹುಳಿಯಿದ್ದ ಬಾಯಿ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸುಣ್ಣದ ಗುಣ ಇದಕ್ಕೆ ತದ್ವಿರುದ್ಧ. ಎಲೆಗೆ ಹಚ್ಚಿದ ಸುಣ್ಣ ಹೊಗೆಸೊಪ್ಪಿನ ನಿಕೋಟಿನ್ ಬೇಗ ಇಳಿಯುವಂತೆ ಮಾಡುತ್ತದೆ. ಹಾಗಾಗಿ ಬೀಡಿ ಬಿಟ್ಟು ಎಲೆಯಡಿಕೆ ಹೆಚ್ಚಿಸಿಕೊಂಡರೆ ಚಟ ಬಾಗಿಲು ಬದಲಿಸಿತು ಅಷ್ಟೇ. ಎರಡನ್ನೂ ಒಂದೇ ದಿನ ನಿಲ್ಲಿಸಬೇಕು.

ನಾಲ್ಕನೇ ದಿನದ ಸೋಲು ನನಗೆ ಅಷ್ಟು ನಿರಾಶೆಯ ವಿಷಯವಲ್ಲ. ಸಿಡಿಮಿಡಿ, ತಲೆನೋವು ಹೆಚ್ಚಿನವರಿಗೆ ಎರಡು-ಮೂರನೇ ದಿನಕ್ಕೆ ತುದಿ ಮುಟ್ಟುತ್ತವೆ. ಅಪ್ಪ ಕಡಿದಾದ ಏರು ಹತ್ತಿಯಾದ ಮೇಲೆ ಕುಳಿತುಬಿಟ್ಟಿದ್ದಾರೆ. ಆಮೇಲಿನ ಸೆಳೆತ ಬಂದಾಗ ಕೆಲವೇ ನಿಮಿಷ ಇರುತ್ತದೆ. ಎದ್ದು ದೋಣಿ ಕಡವಿನವರೆಗೆ ನಡೆದು ಬಂದರೆ ಅಷ್ಟರಲ್ಲಿ ಇಳಿದಿರುತ್ತದೆ.

ಉಳಿದದ್ದು ಅಮ್ಮ ಬೀಡಿ ಕಟ್ಟುವ ಮೊರ. ಹೊಟ್ಟೆಪಾಡಿನ ಕೆಲಸ ನಿಲ್ಲಿಸಿ ಎಂದು ಹೇಳುವುದು ನ್ಯಾಯವಲ್ಲ. ಆದರೆ ಜಗಲಿಯಲ್ಲಿ ಅಪ್ಪನ ಎದುರೇ ಕಟ್ಟುವುದು ಬೇಡ. ಹಿಂದಿನ ಕೋಣೆಯಲ್ಲಿ, ಕಿಟಕಿ ತೆರೆದು ಕಟ್ಟಲಿ. ಹೊಗೆಸೊಪ್ಪಿನ ಪುಡಿ ಮುಚ್ಚಳದ ಡಬ್ಬಿಯಲ್ಲಿರಲಿ, ಕಟ್ಟಿದ್ದನ್ನು ಆಗಲೇ ಎಣಿಸಿ ಎತ್ತಿಡಲಿ. ಎಣಿಸದ ರಾಶಿಯಿಂದ ಒಂದೆರಡು ಕಿಸೆಗೆ ಜಾರುವುದು ಸುಲಭ.

ಒಂದು ಬೀಡಿ ಎಳೆದರೂ ಗಮ್ ನಿಲ್ಲಿಸಬೇಡಿ. ಅದೇ ದಿನ ಸಹಾಯವಾಣಿಗೆ ಕರೆ ಮಾಡಿಸಿ, ಯಾವ ಹೊತ್ತಿಗೆ, ಯಾರ ಜೊತೆ ಇದ್ದಾಗ ಎಳೆದರು ಎಂಬುದನ್ನು ಹೇಳಿಸಿ.