ಸಾಫ್ಟ್‌ವೇರ್ ಆಮೇಲೆ, ಜ್ವರ ಬಂದ ದಿನ ಮೊದಲು

ಮಲೆನಾಡಿನಲ್ಲಿ ಮಂಗನ ಕಾಯಿಲೆಯ, ಅಂದರೆ ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರದ, ಕಾಲ ಶುರುವಾಗುವ ಹೊತ್ತಿಗೆ ನನಗೆ ಪ್ರಶ್ನೆಗಳು ಬರುವ ಕಾಲವೂ ಶುರುವಾಗುತ್ತದೆ. ಪ್ರತಿ ವರ್ಷವೂ ಅವೇ ಪ್ರಶ್ನೆಗಳು. ಈ ಸಲ ಒಟ್ಟಿಗೆ ಉತ್ತರ ಬರೆದುಬಿಡುತ್ತೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನು ಡಾಕ್ಟರ್ ಅಲ್ಲ, ರೋಗ ಸರ್ವೇಕ್ಷಣೆಯ ಅಂಕಿಅಂಶ ನೋಡುವವಳು. ಯಾವ ಮಾತ್ರೆ ನುಂಗಬೇಕು ಅಂತ ಕೇಳಬೇಡಿ.

ಪ್ರಶ್ನೆ: ಮೇಡಂ, ನಾನು ಸಾಗರದವನು. ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಮುಗಿಸಿದ್ದೇನೆ. ಪೈಥಾನ್, ಪವರ್ ಬಿಐ ಬರುತ್ತದೆ. ಆರೋಗ್ಯ ಇಲಾಖೆಯಲ್ಲಿ ಡೇಟಾ ಅನಲಿಸ್ಟ್ ಆಗುವ ಆಸೆ. ಇನ್ನೂ ಯಾವ ಸಾಫ್ಟ್‌ವೇರ್ ಕಲಿಯಬೇಕು?

ಯಾವುದೂ ಬೇಡ. ನಿಮಗೆ ಬರುವುದೇ ಜಾಸ್ತಿ ಆಯಿತು.

ಈ ಪ್ರಶ್ನೆ ಕೇಳುವವರೆಲ್ಲ ಸಾಫ್ಟ್‌ವೇರಿನ ಹೆಸರನ್ನೇ ಕೇಳುತ್ತಾರೆ. ಲೈನ್ ಲಿಸ್ಟ್ ಹೇಗಿರುತ್ತದೆ, ಒಂದು ತೋರಿಸಿ ಅಂತ ಒಬ್ಬರೂ ಕೇಳಿದ್ದಿಲ್ಲ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಒಬ್ಬ ರೋಗಿಗೆ ಒಂದು ಸಾಲು. ಉದಾಹರಣೆಗೆ ಹೀಗೊಂದು ಸಾಲು ಬಂತು ಅಂದುಕೊಳ್ಳಿ: ವಯಸ್ಸು 42, ಗಂಡಸು, ಊರು ಹೊಸೂರು, ಉದ್ಯೋಗ ಕೂಲಿ, ಜ್ವರ ಬಂದ ದಿನ 03-02, ರಕ್ತ ತೆಗೆದ ದಿನ 03-02, ಫಲಿತಾಂಶ ನೆಗೆಟಿವ್.

ನೀವು ಇದನ್ನು ಪವರ್ ಬಿಐಗೆ ಹಾಕಿದರೆ ಚೆಂದದ ಗ್ರಾಫ್ ಬರುತ್ತದೆ. ನಾನು ಫೋನ್ ಎತ್ತಿಕೊಳ್ಳುತ್ತೇನೆ.

ಮೊದಲು ದಿನಾಂಕ. ಇದು ಫೆಬ್ರವರಿ ಮೂರೋ, ಮಾರ್ಚ್ ಎರಡೋ? ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ದಿನ ಮೊದಲು ಬರೆದಿರುತ್ತಾರೆ, ಇನ್ನೊಬ್ಬರ ಕಂಪ್ಯೂಟರ್ ಅದನ್ನು ತಿಂಗಳು ಅಂತ ಓದಿಕೊಂಡಿರುತ್ತದೆ. ಎಕ್ಸೆಲ್ ಒಂದು ಮಾತೂ ಹೇಳುವುದಿಲ್ಲ. 12ನೇ ತಾರೀಖು ದಾಟಿದ ಮೇಲಷ್ಟೇ ತಪ್ಪು ಕಣ್ಣಿಗೆ ಬೀಳುತ್ತದೆ.

ಆಮೇಲೆ ಜ್ವರ ಬಂದ ದಿನವೂ ರಕ್ತ ತೆಗೆದ ದಿನವೂ ಒಂದೇ. ನಮ್ಮ ಕಡೆ ಯಾರಾದರೂ ಜ್ವರ ಬಂದ ದಿನವೇ ರಕ್ತ ಕೊಡುತ್ತಾರಾ? ಮೊದಲು ಪೇಟೆಯ ಮೆಡಿಕಲ್‌ನಿಂದ ಮಾತ್ರೆ. ಎರಡು ದಿನ ಕಷಾಯ. ಆಮೇಲೆ ಆಶಾ ಕಾರ್ಯಕರ್ತೆ ಬಂದು ಬೈದ ಮೇಲೆ ಆಸ್ಪತ್ರೆ. ಅಂದರೆ ಫಾರಂ ತುಂಬುವವರು ಖಾಲಿ ಬಿಡಬಾರದು ಅಂತ ಅವತ್ತಿನ ತಾರೀಖನ್ನೇ ಎರಡೂ ಕಡೆ ಬರೆದಿದ್ದಾರೆ. ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಮಂಗನ ಕಾಯಿಲೆಯಲ್ಲಿ ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಬರುತ್ತದೆ. ಜ್ವರ ಬಂದ ದಿನದಿಂದ ಹಿಂದಕ್ಕೆ ಎಣಿಸಿದರೆ ಆತ ಯಾವ ಕಾಡಿಗೆ ಹೋಗಿದ್ದಾಗ ಉಣುಗು ಹತ್ತಿತು ಅಂತ ಅಂದಾಜು ಸಿಗುತ್ತದೆ. ಆ ತಾರೀಖು ಐದು ದಿನ ತಪ್ಪಿದರೆ ನಮ್ಮವರು ಬೇರೆ ಗುಡ್ಡದಲ್ಲಿ ಉಣುಗು ಹುಡುಕುತ್ತಾ ನಿಂತಿರುತ್ತಾರೆ.

ಊರು ಹೊಸೂರು. ಎಷ್ಟು ಹೊಸೂರು ಇವೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಊರು ಸರಿ ಇದ್ದರೂ ಮುಗಿಯಲಿಲ್ಲ. ಬಯಲುಸೀಮೆಯ ಹಳ್ಳಿಯ ಹಾಗೆ ಇಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ. ಒಂದೇ ಹಳ್ಳಿಯ ಈ ತುದಿಯಿಂದ ಆ ತುದಿಗೆ ಕಿಲೋಮೀಟರುಗಟ್ಟಲೆ. ನಕ್ಷೆಯಲ್ಲಿ ಹಳ್ಳಿಯ ನಡುವೆ ಕೆಂಪು ಚುಕ್ಕೆ ಇಟ್ಟರೆ ಅಲ್ಲಿ ಬರೀ ಗದ್ದೆ ಇರುತ್ತದೆ.

ಉದ್ಯೋಗ ಕೂಲಿ. ಕೂಲಿ ಅಂದರೆ ಪೇಟೆಯಲ್ಲಿ ಗಾರೆ ಕೆಲಸವೋ, ಅಡಿಕೆ ಕೊಯ್ಲೋ, ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ದರಗು (ಒಣ ಎಲೆ) ತರುವುದೋ? ದರಗು ಗುಡಿಸುವವರಿಗೆ ಉಣುಗು ಹತ್ತುವಷ್ಟು ಗಾರೆ ಕೆಲಸದವರಿಗೆ ಹತ್ತುವುದಿಲ್ಲ. ನನಗೆ ಬೇಕಾದ ಮಾಹಿತಿ ಆ ಒಂದು ಕಾಲಂನಲ್ಲಿ ಇರಬೇಕಿತ್ತು. ಅಲ್ಲಿ ಕೂಲಿ ಅಂತಷ್ಟೇ ಇದೆ.

ಕೊನೆಗೆ ನೆಗೆಟಿವ್. ಯಾವ ಪರೀಕ್ಷೆಯಲ್ಲಿ ನೆಗೆಟಿವ್? ಪಿಸಿಆರ್ ವೈರಸ್ಸನ್ನು ಹುಡುಕುತ್ತದೆ, ಜ್ವರದ ಮೊದಲ ದಿನಗಳಲ್ಲಿ ಚೆನ್ನಾಗಿ ಹಿಡಿಯುತ್ತದೆ. ಐಜಿಎಂ ಎಲೈಸಾ ಆಮೇಲೆ ಹುಟ್ಟುವ ಪ್ರತಿಕಾಯ ಹುಡುಕುತ್ತದೆ, ಸುಮಾರು ಐದು ದಿನ ಕಳೆದ ಮೇಲೆ. ಜ್ವರ ಶುರುವಾಗಿ ಹದಿನೈದು ದಿನವಾದವರಿಗೆ ಬರೀ ಪಿಸಿಆರ್ ಮಾಡಿ ನೆಗೆಟಿವ್ ಬಂದರೆ ನಾನು ಆ ಸಾಲನ್ನು ಪಕ್ಕಕ್ಕೆ ಇಡುವುದಿಲ್ಲ. ನೋಡಿ, ಮತ್ತೆ ಜ್ವರ ಬಂದ ದಿನಕ್ಕೇ ಬಂದೆವು. ಅದು ಗೊತ್ತಿಲ್ಲದೆ ಫಲಿತಾಂಶವನ್ನೂ ಓದಲು ಆಗುವುದಿಲ್ಲ.

ಒಂದೇ ಸಾಲಿಗೆ ಇಷ್ಟು. ಇಂಥ ನೂರಾರು ಸಾಲು ಬರುತ್ತವೆ.

ಇನ್ನು ಖಾಲಿ ಜಾಗ ಮತ್ತು ಸೊನ್ನೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಈ ವಾರ ಸೊನ್ನೆ ಬಂದರೆ, ನೋಡಿದ್ದೇವೆ, ಕೇಸ್ ಇಲ್ಲ ಅಂತ ಅರ್ಥ. ಏನೂ ಬರದಿದ್ದರೆ ಏನೂ ಗೊತ್ತಿಲ್ಲ ಅಂತ ಅರ್ಥ. ಹೊಸದಾಗಿ ಬರುವ ಹುಡುಗರು ಖಾಲಿ ಜಾಗ ನೋಡಿದ ತಕ್ಷಣ ಅದಕ್ಕೆಲ್ಲ ಸೊನ್ನೆ ತುಂಬಿಬಿಡುತ್ತಾರೆ, ಗ್ರಾಫ್ ಮುರಿಯಬಾರದಲ್ಲ! ಜುಲೈನಲ್ಲಿ ಆಗುಂಬೆ, ಹೊಸನಗರದ ಕಡೆ ಕರೆಂಟು ಹೋಗಿ, ನೆಟ್‌ವರ್ಕ್ ಹೋಗಿ ವರದಿ ನಿಂತಿರುತ್ತದೆ. ನೀವು ಅದನ್ನು ಸೊನ್ನೆ ಮಾಡಿದರೆ ಡೆಂಗಿ, ಇಲಿ ಜ್ವರ ಏರುವ ಕಾಲದಲ್ಲೇ ಗೆರೆ ಕೆಳಗೆ ಬಂದು ಕೂರುತ್ತದೆ. ಮೇಲಿನವರು ಶಹಬ್ಬಾಸ್ ಅನ್ನುತ್ತಾರೆ.

ಗ್ರಾಫಿನ ಕೊನೆಯ ವಾರದ ಇಳಿತವನ್ನೂ ನಂಬಬೇಡಿ. ಆ ವಾರ ಜ್ವರ ಬಂದವರಲ್ಲಿ ಕೆಲವರು ಇನ್ನೂ ಮನೆಯಲ್ಲೇ ಇರುತ್ತಾರೆ. ಕೆಲವರ ರಕ್ತ ಲ್ಯಾಬಿನಲ್ಲಿ ಇರುತ್ತದೆ. ಹತ್ತು ದಿನ ಬಿಟ್ಟು ನೋಡಿದರೆ ಅದೇ ವಾರ ಮೇಲೆ ಎದ್ದಿರುತ್ತದೆ. ಇದು ಗೊತ್ತಿಲ್ಲದೆ "ರೋಗ ಹತೋಟಿಗೆ ಬಂತು" ಅನ್ನುವ ಸ್ಲೈಡ್ ಮಾಡಿದವರನ್ನು ನೋಡಿ ನೋಡಿ ಸಾಕಾಗಿದೆ. ಜೊತೆಗೆ ತೀರ್ಥಹಳ್ಳಿ ಕಡೆಯ ಎಷ್ಟೋ ಜನ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಅವರ ವರದಿ ಹುಟ್ಟುವುದು ಉಡುಪಿ ಜಿಲ್ಲೆಯಲ್ಲಿ. ಅದು ನಮ್ಮ ಪಟ್ಟಿಗೆ ಬಂದು ಸೇರುವವರೆಗೆ ನಮ್ಮ ಲೆಕ್ಕ ಅರ್ಧಂಬರ್ಧ.

ಮಾದರಿ ಬೇಕಾದರೆ ಸಾಗರದವರು ದೂರ ಹೋಗಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಶುರುವಾಗಿ 2019ಕ್ಕೆ ದಾಟಿದ ಅರಳಗೋಡಿನ ಮಂಗನ ಕಾಯಿಲೆಯ ಹಾವಳಿಯನ್ನೇ ಓದಿ. ಅದರ ಬಗ್ಗೆ ಸಂಶೋಧನಾ ಲೇಖನಗಳು ಬಂದಿವೆ. ಗ್ರಾಫ್ ನೋಡುವ ಮೊದಲು, ಅದರ ಅಡಿಯಲ್ಲಿ ಇರುವುದು ಜ್ವರ ಬಂದ ದಿನವೋ ವರದಿಯಾದ ದಿನವೋ ಅಂತ ನೋಡಿ. ಆ ಅಭ್ಯಾಸ ಬಂದರೆ ಅರ್ಧ ಕೆಲಸ ಕಲಿತ ಹಾಗೆ.

ಹುದ್ದೆಯ ವಿಚಾರ. ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಡೇಟಾ ಮ್ಯಾನೇಜರ್ ಅಂತ ಇರುತ್ತದೆ. ಇಂಥ ಹುದ್ದೆಗಳನ್ನು ಸಾಮಾನ್ಯವಾಗಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆಯ ಮೇಲೆ ತುಂಬುತ್ತಾರೆ. ಗುತ್ತಿಗೆ ಅನ್ನುವುದನ್ನು ಎರಡು ಸಲ ಓದಿಕೊಳ್ಳಿ. ಇದನ್ನು ನಂಬಿ ಮನೆ ಸಾಲ ಮಾಡಬೇಡಿ. ಮುಂದೆ ಓದುವ ಮನಸ್ಸಿದ್ದರೆ ಚೆನ್ನೈನಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಇದೆ, ಅಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದು ಇದೆ. ಸಾಫ್ಟ್‌ವೇರ್ ಬೇಕೇ ಬೇಕು ಅಂದರೆ ಲೆಕ್ಕಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್, ಎರಡೂ ಪುಕ್ಕಟೆ. "ಹದಿನೈದು ದಿನದಲ್ಲಿ ಹೆಲ್ತ್ ಡೇಟಾ ಸೈಂಟಿಸ್ಟ್, ಕೆಲಸ ಗ್ಯಾರಂಟಿ" ಅಂತ ಫೋನ್ ಮಾಡುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅವರು ಕೊಡುವ ಸರ್ಟಿಫಿಕೇಟು ಗೋಡೆಗೆ ಹಾಕಲು ಸರಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ವೈದ್ಯಾಧಿಕಾರಿಗಳ ಅನುಮತಿ ಕೇಳಿ, ಜ್ವರದ ಫಾರಂ ತುಂಬುವವರ ಪಕ್ಕ ಕೂತು ನೋಡಿ. ತಾರೀಖು ಯಾಕೆ ತಪ್ಪುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಪೇಪರಿನಲ್ಲಿ ಒಂದು ಸಂಖ್ಯೆ, ಇಲಾಖೆಯದು ಇನ್ನೊಂದು. ನೀವು ಮುಚ್ಚಿಡುತ್ತೀರಿ ಅಲ್ವಾ?

ನಮಗೆ ಮೂರು ಬಗೆಯ ಫಾರಂನಿಂದ ಲೆಕ್ಕ ಬರುತ್ತದೆ. ಎಸ್ ಫಾರಂ ಆರೋಗ್ಯ ಕಾರ್ಯಕರ್ತೆಯರದು, ಲಕ್ಷಣ ನೋಡಿ ತುಂಬುವುದು. ಪಿ ಫಾರಂ ಡಾಕ್ಟರದು, ಇದೇ ರೋಗ ಇರಬಹುದು ಅನ್ನುವ ಅಂದಾಜು. ಎಲ್ ಫಾರಂ ಲ್ಯಾಬಿನದು, ಪರೀಕ್ಷೆಯಲ್ಲಿ ಖಚಿತವಾದದ್ದು. ಒಬ್ಬನೇ ರೋಗಿ ಮೂರರಲ್ಲೂ ಇರಬಹುದು. ಮೂರನ್ನೂ ಕೂಡಿಸಿ ಹೆಡ್‌ಲೈನ್ ಮಾಡಿದರೆ ನಾನೇನು ಮಾಡಲಿ? ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಬಗೆಯ ಅಡಿಕೆಯನ್ನೆಲ್ಲ ಒಟ್ಟಿಗೆ ಸುರಿದು ಮಂಡಿಯಲ್ಲಿ ರೇಟು ಕೇಳಿದ ಹಾಗೆ. ಕೇಸ್ ಎರಡರಿಂದ ನಾಲ್ಕಾದಾಗ "ಶೇ. 100 ಏರಿಕೆ" ಅಂತ ಬರೆಯುವವರಿಗೂ ಇದೇ ಉತ್ತರ.

ಮುಚ್ಚಿಡುವವರು ಎಲ್ಲೂ ಇಲ್ಲ ಅಂತ ನಾನು ಆಣೆ ಮಾಡುವುದಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ, ಲೆಕ್ಕ ಕೆಡುವುದು ಕೆಟ್ಟ ಬುದ್ಧಿಗಿಂತ ಜಾಸ್ತಿ ಕೆಟ್ಟ ಫಾರಂನಿಂದ.

ಪ್ರಶ್ನೆ: ಖಾಸಗಿ ಲ್ಯಾಬಿನ ಕಾರ್ಡ್ ಟೆಸ್ಟ್‌ನಲ್ಲಿ ಡೆಂಗಿ ಪಾಸಿಟಿವ್ ಬಂತು. ನಿಮ್ಮ ಲೆಕ್ಕದಲ್ಲಿ ಯಾಕಿಲ್ಲ?

ಕಾರ್ಡ್ ಟೆಸ್ಟ್ ಸರ್ಕಾರದ ಲೆಕ್ಕದಲ್ಲಿ ಖಚಿತ ಅಲ್ಲ. ಎನ್‌ಎಸ್1 ಎಲೈಸಾ ಅಥವಾ ಐಜಿಎಂ ಎಲೈಸಾ ಅನ್ನುವ ಲ್ಯಾಬ್ ಪರೀಕ್ಷೆ ಆಗಬೇಕು. ಹಾಗಂತ ಡಾಕ್ಟರ್ ಹೇಳಿದ ಚಿಕಿತ್ಸೆ ಬಿಡಬೇಡಿ, ನಮ್ಮ ಪಟ್ಟಿಗೂ ನಿಮ್ಮ ಚಿಕಿತ್ಸೆಗೂ ಸಂಬಂಧ ಇಲ್ಲ.

ಪ್ರಶ್ನೆ: ನಮ್ಮೂರಿನ ಪಂಡಿತರೊಬ್ಬರು ಬೇರು ಅರೆದು ಕೊಟ್ಟು ಇಪ್ಪತ್ತು ಜನರ ಮಂಗನ ಕಾಯಿಲೆ ವಾಸಿ ಮಾಡಿದ್ದಾರೆ. ಅದನ್ನು ಯಾಕೆ ದಾಖಲು ಮಾಡುವುದಿಲ್ಲ?

ಆ ಇಪ್ಪತ್ತು ಜನರಲ್ಲಿ ಎಷ್ಟು ಜನರ ರಕ್ತ ಪರೀಕ್ಷೆ ಆಗಿತ್ತು? ಆಗಿಲ್ಲ ಅಂದರೆ ಅದು ಮಂಗನ ಕಾಯಿಲೆ ಅಂತ ಹೇಳಿದವರು ಯಾರು? ಪಂಡಿತರೇ ತಾನೆ?

ಆಗಿತ್ತು ಅಂತಲೇ ಇಟ್ಟುಕೊಳ್ಳೋಣ. ಈ ಕಾಯಿಲೆಯಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ಉಳಿದವರು ಬೇರು ಅರೆಯದಿದ್ದರೂ ಉಳಿಯುತ್ತಾರೆ. ಇಪ್ಪತ್ತು ಜನರಿಗೆ ಬರೀ ನೀರು ಕೊಟ್ಟರೂ ಹತ್ತೊಂಬತ್ತು ಜನ ಎದ್ದು ಓಡಾಡುತ್ತಾರೆ, ಹೆಸರು ಪಂಡಿತರಿಗೆ. ಆ ಒಬ್ಬರ ಮನೆಯವರು ಸಂತೆಯಲ್ಲಿ ಬಂದು ಕಥೆ ಹೇಳುವುದಿಲ್ಲ. ಈ ಕಾಯಿಲೆಗೆ ಅಂತಲೇ ಒಂದು ಔಷಧಿ ಇಲ್ಲ ನಿಜ. ಆದರೆ ರಕ್ತಸ್ರಾವ ಆಗುವ ರೋಗಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದಕ್ಕೂ, ಪಂಡಿತರ ಜಗುಲಿಯ ಮೇಲೆ ಮಲಗಿಸುವುದಕ್ಕೂ ವ್ಯತ್ಯಾಸ ಇದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ಪ್ರಶ್ನೆ: ಸತ್ತ ಮಂಗಗಳ ನಕ್ಷೆಯಲ್ಲಿ ನಮ್ಮ ಕಡೆ ಒಂದೂ ಚುಕ್ಕೆ ಇಲ್ಲ. ಕಾಡಿಗೆ ಹೋಗಬಹುದಾ?

ಮಂಗಗಳೂ ಇದೇ ಕಾಯಿಲೆಯಿಂದ ಸಾಯುತ್ತವೆ, ಅದಕ್ಕೇ ಆ ನಕ್ಷೆ. ಆದರೆ ಚುಕ್ಕೆ ಬೀಳುವುದು ಮಂಗ ಸತ್ತ ಕಡೆಯೆಲ್ಲ ಅಲ್ಲ, ಸತ್ತ ಮಂಗ ಯಾರದಾದರೂ ಕಣ್ಣಿಗೆ ಬಿದ್ದು, ಅವರು ಫೋನ್ ಮಾಡಿದ ಕಡೆ. ದಟ್ಟ ಕಾಡಿನಲ್ಲಿ ನೋಡುವವರು ಯಾರು? ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ. ಮಂಗ ಸತ್ತ ಮೇಲೆ ಉಣುಗು ಅದರ ಮೈಯಿಂದ ಇಳಿದು ಅಲ್ಲೇ ಸುತ್ತಮುತ್ತ ಇರುತ್ತದೆ.

ಪ್ರಶ್ನೆ: ಇನ್ನು ಎಐ ಬಂತು, ಮುಂದಿನ ಹಾವಳಿ ಎಲ್ಲಿ ಅಂತ ಅದೇ ಹೇಳುತ್ತದಂತೆ?

ಹೇಳಲಿ. ಯಾವ ಹೊಸೂರು ಅಂತಲೂ ಹೇಳಲಿ.

ಪ್ರಶ್ನೆ: ಪಾಸಿಟಿವ್ ಬಂದವರ ಹೆಸರು, ಮನೆ ವಿಳಾಸ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಎಲ್ಲರೂ ಹುಷಾರಾಗಿರಬಹುದಲ್ಲವೇ?

ಇಲ್ಲ, ಕೊಡುವುದಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹೆಸರು ತಿಳಿದು ನಿಮಗೆ ಆಗುವ ಲಾಭ ಏನೂ ಇಲ್ಲ. ಆ ಮನೆಗೆ ಹಾಲು ಹಾಕುವವರು, ಕೆಲಸಕ್ಕೆ ಕರೆಯುವವರು ನಿಲ್ಲುತ್ತಾರೆ ಅಷ್ಟೇ. ಆಮೇಲೆ ಪಕ್ಕದ ಮನೆಯವರಿಗೆ ಜ್ವರ ಬಂದರೆ ಅವರು ಆಶಾ ಕಾರ್ಯಕರ್ತೆಗೆ ಹೇಳುವುದೇ ಇಲ್ಲ. ನಿಮ್ಮ ಗುಂಪಿನಲ್ಲಿ ಅಂಥ ಪಟ್ಟಿ ಈಗಾಗಲೇ ಓಡಾಡುತ್ತಿದ್ದರೆ ಅಳಿಸಿ. ಹಾಕಿದವರು ಯಾರು ಅಂತ ನಿಮ್ಮ ವೈದ್ಯಾಧಿಕಾರಿಗೆ ತಿಳಿಸಿ.