ದೇವರೇ ಇಲ್ಲ ಎನ್ನುವವರಿಗೆ ಸಿಟ್ಟು ಯಾರ ಮೇಲೆ?

ದೇವರಿಲ್ಲ ಎಂದ ಮೇಲೆ ನಾಸ್ತಿಕರು ತಮ್ಮ ಪಾಡಿಗೆ ಇರಬಹುದಲ್ಲ, ಧರ್ಮದ ಮಾತೆತ್ತಿದರೆ ಕೆಂಡವಾಗುವುದೇಕೆ ಎಂದು ಕೇಳಿದ್ದೀರಿ. ಎಲ್ಲರ ಪರವಾಗಿ ಹೇಳಲಾರೆ. ನನ್ನ ಸಿಟ್ಟಿನ ಜಾತಕವನ್ನಷ್ಟೇ ಬಿಚ್ಚಿಡುತ್ತೇನೆ (ನಾಸ್ತಿಕನಿಗೂ ಬೇರೆ ಪದ ಸಿಗುವುದಿಲ್ಲ, ನೋಡಿ).

ದೇವರ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಬಂದದ್ದು ಒಂದು ಕುಂಕುಮದ ತಟ್ಟೆಯ ಮೇಲೆ. ಅಪ್ಪ ತೀರಿಕೊಂಡ ಮರುವರ್ಷ ಅಕ್ಕನ ಮದುವೆ. ಅರಿಶಿನ ಕುಂಕುಮ ಕೊಡುತ್ತ ಬಂದ ಸೋದರತ್ತೆ ಅಮ್ಮನನ್ನು ದಾಟಿ ಪಕ್ಕದವರ ಮುಂದೆ ತಟ್ಟೆ ಹಿಡಿದರು. ಯಾರೂ ಕೆಟ್ಟ ಮಾತಾಡಲಿಲ್ಲ. ಅತ್ತೆಗೆ ದಾಟಲು ಅನುಕೂಲವಾಗಲೆಂದು ಅಮ್ಮನೇ ಕಾಲು ಮಡಿಸಿಕೊಂಡಳು. ಆ ಮದುವೆಗೆ ಮನೆ ಮನೆ ಅಲೆದು ಸಾಲ ಹೊಂದಿಸಿದವಳು ಅವಳು. ನನಗೆ ಆಗ ಹದಿನಾರು. ಪುಸ್ತಕ, ತರ್ಕ ಎಲ್ಲ ಆಮೇಲೆ ಬಂದವು.

ಸಿಟ್ಟಿಲ್ಲದೆಯೂ ಪ್ರಶ್ನಿಸಬಹುದು, ನಿಜ. ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು. ಗದ್ದಲವೆಬ್ಬಿಸಿದವರು ಬೇರೆಯವರು. ಇತ್ತ ಹನ್ನೆರಡನೆಯ ಶತಮಾನದ ಶರಣರು ಶಿವನನ್ನು ನಂಬಿಕೊಂಡೇ ಜಾತಿಯ ಮೇಲೆ, ಗುಡಿಯ ಮೇಲೆ ಕಿಡಿಕಾರಿದವರು. ಹಾಗಾಗಿ ಈ ಸಿಟ್ಟು ನಾಸ್ತಿಕರ ಸ್ವಂತ ಆಸ್ತಿಯೇನಲ್ಲ.

ತೊಡಕಿರುವುದು ಇನ್ನೊಂದು ಕಡೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾ ಷಷ್ಠಿಗೆ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುತ್ತಿದ್ದರು. ಈ ಮಡೆಸ್ನಾನಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದಿತು. ಅದು ಸರಿಯೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ನಿಷೇಧ ಬೇಡವೆಂದವರಲ್ಲಿ ಅಲ್ಲಿನ ಬುಡಕಟ್ಟಿನವರಾದ ಮಲೆಕುಡಿಯರೂ ಇದ್ದರು. ಇದು ನಮ್ಮ ಹರಕೆ, ನಡುವೆ ನೀವು ಯಾರು ಎಂಬ ಧಾಟಿ. ಅದನ್ನು ಓದಿದಾಗ ಇವರಿಗೆ ತಿಳಿವಳಿಕೆಯಿಲ್ಲ ಎಂದು ಗೊಣಗಿದ್ದೆ. ಎಲೆಯ ಮೇಲೆ ಉರುಳಿಸಿದವರೂ ಅವರ ಬಗ್ಗೆ ಹಾಗೆಯೇ ತಿಳಿದಿದ್ದರಲ್ಲವೇ? ಅನ್ಯಾಯಕ್ಕೆ ಒಳಗಾದವರ ಮೇಲೆಯೇ ನಮ್ಮ ಸಿಟ್ಟು ತಿರುಗುವುದು ಇಷ್ಟು ಸುಲಭ.

ಕಳೆದ ವರ್ಷ ತಂಗಿಯ ಮಗುವಿನ ನಾಮಕರಣದಲ್ಲಿಯೂ ತಟ್ಟೆ ಅಮ್ಮನನ್ನು ದಾಟಿತು. ಈ ಸಲ ಎದ್ದು ಹೋಗಿ, ಹಿಡಿದವರನ್ನು ಎಲ್ಲರೆದುರು ಕೇಳಿಯೇಬಿಟ್ಟೆ. ಅವರು ಗಾಬರಿಯಿಂದ ತಟ್ಟೆಯನ್ನು ಅಮ್ಮನ ಮುಂದೆ ಚಾಚಿದರು. ಅಮ್ಮ ಮುಟ್ಟಲಿಲ್ಲ. ಎರಡು ದಿನ ನನ್ನೊಡನೆ ಮಾತೂ ಆಡಲಿಲ್ಲ.