ಜೀನ್ ನಮ್ಮಲ್ಲೂ ಇದೆ, ಕೈ ಯಾಕೆ ಬೆಳೆಯಲ್ಲ?

ಕತ್ತರಿಸಿದ ಕಾಲು ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಸಲಮಾಂಡರ್‌ಗೆ ಮತ್ತೆ ಬೆಳೆಯುತ್ತದೆ, ಹಾಗಾದರೆ ನಮ್ಮಲ್ಲಿಲ್ಲದ ಯಾವುದೋ ಜೀನ್ ಅದಕ್ಕಿರಬೇಕು, ಅದನ್ನು ಮನುಷ್ಯರಿಗೆ ಹಾಕಲು ಆಗಲ್ವಾ ಎಂದು ಕೇಳಿದ್ದೀರಿ.

ನಾನು ಧಾರವಾಡದವಳು. ಪುಣೆಯ ಒಂದು ಲ್ಯಾಬ್‌ನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿರುವುದು ಸಲಮಾಂಡರ್ ಅಲ್ಲ, ಜೀಬ್ರಾಫಿಶ್ ಎಂಬ ಸಣ್ಣ ಮೀನು. ಅದರ ಬಾಲದ ರೆಕ್ಕೆ ಕತ್ತರಿಸಿದರೆ ಎರಡು ವಾರದಲ್ಲಿ ಹೆಚ್ಚುಕಡಿಮೆ ಪೂರ್ತಿ ಬಂದುಬಿಡುತ್ತದೆ. ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಎಂದು ನೋಡಲು ಬಣ್ಣ ಕಟ್ಟುತ್ತೇವೆ. ಕತ್ತರಿಸಿದ ಮೂರನೇ ದಿನದ ರೆಕ್ಕೆಯನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಗಾಯದ ಅಂಚಿಗೆ ತೆಳ್ಳನೆ ನೇರಳೆ ಗೆರೆ ಕಾಣುತ್ತದೆ. ಉಳಿದದ್ದೆಲ್ಲ ಖಾಲಿ. ಆ ಜೀನ್ ರೆಕ್ಕೆಯ ಪ್ರತಿ ಕೋಶದಲ್ಲೂ ಇದೆ, ಎದ್ದಿರುವುದು ಅಂಚಿನಲ್ಲಿ ಮಾತ್ರ. ನಿಮ್ಮ ಪ್ರಶ್ನೆಗೆ ಉತ್ತರ ಆ ಗೆರೆಯಲ್ಲೇ ಇದೆ ಅನ್ನಿಸುತ್ತದೆ ನನಗೆ.

ಸಲಮಾಂಡರ್‌ಗಳಲ್ಲಿ ಮಾತ್ರ ಸಿಕ್ಕಿರುವ ಪ್ರಾಡ್1 ಎಂಬ ಒಂದು ಜೀನ್ ಇದೆ, ನಿಜ. ಆದರೆ ಕಾಲು ಕಟ್ಟುವ ಮುಖ್ಯ ಕೆಲಸದ ಜೀನ್‌ಗಳು ನಮ್ಮಲ್ಲೂ ಇವೆ. ಎಸ್‌ಎಚ್‌ಎಚ್, ಎಫ್‌ಜಿಎಫ್8 ಇವೆಲ್ಲ ನೀವು ತಾಯಿಯ ಹೊಟ್ಟೆಯಲ್ಲಿದ್ದಾಗ ನಿಮ್ಮ ಕೈ ಕಟ್ಟಿದವು. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಇನ್ನೊಂದು ಕಡೆ ಬರಲು ಎಸ್‌ಎಚ್‌ಎಚ್ ಬೇಕೇ ಬೇಕು. ಕೆಲಸ ಮುಗಿದ ಮೇಲೆ ಅವು ಅಲ್ಲಿ ಸುಮ್ಮನಾದವು. ಸಲಮಾಂಡರ್ ಅವನ್ನು ಮತ್ತೆ ಎಬ್ಬಿಸುತ್ತದೆ.

ಹೇಗೆ ಎಬ್ಬಿಸುತ್ತದೆ ಎಂಬುದು ಮೆಕ್ಸಿಕೋದ ಆಕ್ಸೊಲಾಟ್ಲ್ ಎಂಬ ಸಲಮಾಂಡರ್‌ನಲ್ಲಿ ಚೆನ್ನಾಗಿ ಗೊತ್ತಾಗಿದೆ. ಗಾಯವಾದ ಒಂದೆರಡು ದಿನದೊಳಗೆ ಚರ್ಮದ ಕೋಶಗಳು ಹರಿದು ಬಂದು ಗಾಯ ಮುಚ್ಚುತ್ತವೆ. ಕಲೆ ಕಟ್ಟುವುದಿಲ್ಲ. ಒಳಗಿನ ಕೋಶಗಳು ಒಟ್ಟಾಗಿ ಮೊಗ್ಗಿನಂಥ ಒಂದು ಗುಬುಟು ಆಗುತ್ತದೆ. ಅದೇ ಬ್ಲಾಸ್ಟೆಮಾ. ಅಲ್ಲಿಗೆ ಹೋಗುವ ನರ ಕತ್ತರಿಸಿದರೆ ಕಾಲು ಬರುವುದಿಲ್ಲ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ತೆಗೆದರೂ ಬರುವುದಿಲ್ಲ, ಕಲೆ ಉಳಿಯುತ್ತದೆ. ಇದು 2013ರಲ್ಲಿ ಗೊತ್ತಾಯಿತು.

ಬ್ಲಾಸ್ಟೆಮಾದ ಕೋಶಗಳು ಏನು ಬೇಕಾದರೂ ಆಗಬಲ್ಲವು ಎಂದು ಹಿಂದೆ ಅಂದುಕೊಂಡಿದ್ದರು. ಹಾಗಿಲ್ಲ ಎಂದು 2009ರಲ್ಲಿ ತೋರಿಸಿದರು. ಸ್ನಾಯುವಿನಿಂದ ಬಂದದ್ದು ಸ್ನಾಯುವನ್ನೇ ಕಟ್ಟುತ್ತದೆ, ತನ್ನ ಮನೆತನ ಮರೆಯುವುದಿಲ್ಲ.

ನನಗೆ ಅತಿ ಇಷ್ಟವಾದದ್ದು ಮುಂದಿನದು. ಕತ್ತರಿಸಿದ ಕಾಲಿಗೆ ಕಿರುಬೆರಳಿನ ಕಡೆ ಯಾವುದು ಎಂದು ಹೇಗೆ ಗೊತ್ತು? ವಿಯೆನ್ನಾದ ವಿಜ್ಞಾನಿ ಎಲಿ ತನಾಕಾ ಅವರ ತಂಡ 2025ರಲ್ಲಿ ಇದನ್ನು ಬಿಡಿಸಿತು. ಆ ಬದಿಯ ಕೋಶಗಳಲ್ಲಿ ಹ್ಯಾಂಡ್2 ಎಂಬ ಜೀನ್ ಕಾಲು ಬೆಳೆದ ಮೇಲೂ ಪೂರ್ತಿ ಆರುವುದಿಲ್ಲ. ಬೂದಿಯೊಳಗಿನ ಕೆಂಡದ ಹಾಗೆ ಸಣ್ಣಗೆ ಇರುತ್ತದೆ. ಗಾಯವಾದಾಗ ಅದು ಜೋರಾಗಿ ಎಸ್‌ಎಚ್‌ಎಚ್ ಅನ್ನು ಎಬ್ಬಿಸುತ್ತದೆ. ಎದುರು ಬದಿಯಲ್ಲಿ ಎಫ್‌ಜಿಎಫ್8 ಏಳುತ್ತದೆ. ಇವೆರಡೂ ಒಂದಕ್ಕೊಂದು ಬೆಂಬಲ ಕೊಟ್ಟು ಕಾಲು ಬೆಳೆಸುತ್ತವೆ. ಕೆಲಸ ಮುಗಿದಾಗ ಎಸ್‌ಎಚ್‌ಎಚ್ ಆರುತ್ತದೆ, ಹ್ಯಾಂಡ್2 ಮಾತ್ರ ಸಣ್ಣಗೆ ಉಳಿಯುತ್ತದೆ. ಎಷ್ಟು ಚೆಂದ ಅಲ್ವಾ? ಇನ್ನೂ ಒಂದು ಮಾತು. ಕಾಲು ಬೆಳೆಯುತ್ತಿರುವಾಗ ಎದುರು ಬದಿಯ ಕೋಶಗಳಿಗೆ ಎಸ್‌ಎಚ್‌ಎಚ್ ತಾಗಿಸಿದರೆ ಅವೂ ಕಿರುಬೆರಳಿನ ಬದಿಯ ನೆನಪು ಕಲಿತುಬಿಡುತ್ತವೆ. ಅಂದರೆ ಕೋಶದ ನೆನಪನ್ನು ಬದಲಿಸಬಹುದು.

ಎಷ್ಟು ಉದ್ದ ಬೆಳೆಯಬೇಕು ಎಂಬುದಕ್ಕೆ ಬೇರೆ ಲೆಕ್ಕ ಇದೆ. ವಿಟಮಿನ್ ಎ ಯಿಂದ ಬರುವ ರೆಟಿನೋಯಿಕ್ ಆಮ್ಲ ಭುಜದ ಕಡೆ ಜಾಸ್ತಿ, ಅಂಗೈ ಕಡೆ ಕಡಿಮೆ. ಅಂಗೈ ಕಡೆ ಅದನ್ನು ಮುರಿದುಹಾಕುವ ಕಿಣ್ವ ಜಾಸ್ತಿ ಇರುವುದೇ ಕಾರಣ. ಆಕ್ಸೊಲಾಟ್ಲ್‌ನ ಮುಂಗಾಲನ್ನು ಮಣಿಕಟ್ಟಿನಲ್ಲಿ ಕತ್ತರಿಸಿ ವಿಟಮಿನ್ ಎ ಜಾಸ್ತಿ ಕೊಟ್ಟರೆ ಅಲ್ಲಿಂದಲೇ ಇನ್ನೊಂದು ಪೂರ್ತಿ ತೋಳು ಹೊರಡುತ್ತದೆ. ಇದನ್ನು 1982ರಲ್ಲೇ ನೋಡಿದ್ದರು. (ಯಾರೂ ಇದನ್ನು ಓದಿ ವಿಟಮಿನ್ ಎ ಮಾತ್ರೆ ನುಂಗಬೇಡಿ. ಜಾಸ್ತಿಯಾದರೆ ಅದು ಯಕೃತ್ತಿಗೆ ಕೆಟ್ಟದ್ದು, ಬಸುರಿಯರಿಗಂತೂ ಬೇಡವೇ ಬೇಡ.)

ಹಾಗಾಗಿ ಒಂದು ಜೀನ್ ತಂದು ಹಾಕಿದರೆ ಆಗದು. ಕಲೆ ಕಟ್ಟದಂತೆ ತಡೆಯಬೇಕು, ನರ ಬೇಕು, ಕೋಶಗಳು ತಮ್ಮ ಹಿಂದಿನ ಎಳೆಯ ಸ್ಥಿತಿಗೆ ಹೋಗಬೇಕು, ಸರಿಯಾದ ಬದಿಯಲ್ಲಿ ಸರಿಯಾದ ಜೀನ್ ಏಳಬೇಕು, ಮುಗಿದ ಮೇಲೆ ಮಲಗಬೇಕು. ಮಲಗದಿದ್ದರೆ ಕ್ಯಾನ್ಸರ್‌ನ ಭಯ.

ನಮ್ಮಲ್ಲಿ ಏನೂ ಉಳಿದಿಲ್ಲ ಎಂದಲ್ಲ. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಕೋಥ್ರೂಡ್‌ನ ನಮ್ಮ ಮನೆಯ ಬಾಗಿಲಿಗೆ ಸಿಕ್ಕಿ ತೋರುಬೆರಳಿನ ತುದಿ ಕಿತ್ತುಹೋಯಿತು. ನನ್ನ ಕೈಕಾಲು ಆಡಲಿಲ್ಲ. ಡಾಕ್ಟರು ಹೊಲಿಗೆ ಹಾಕಲಿಲ್ಲ. ತೊಳೆದು, ಪಟ್ಟಿ ಕಟ್ಟಿ, 'ಇದು ತುಂಬಿಕೊಳ್ಳುತ್ತದೆ' ಎಂದರು. ಊರಿಂದ ಅವ್ವ ಫೋನಿನಲ್ಲಿ ಅರಿಶಿನ ಹಚ್ಚು ಅಂತ ಹಟ ಹಿಡಿದಿದ್ದಳು, ನಾನು ಹಚ್ಚಲಿಲ್ಲ. ಪ್ರತಿ ಸಲ ಪಟ್ಟಿ ಬಿಚ್ಚಿದಾಗಲೂ ಕೆಂಪು ತುದಿ ಚೂರು ಚೂರೇ ದುಂಡಗಾಗುತ್ತಾ ಬಂತು. ಮಕ್ಕಳ ಬೆರಳಿನ ತುದಿ ಹೀಗೆ ಬೆಳೆಯುತ್ತದೆ ಎಂದು ವೈದ್ಯರು 1970ರ ದಶಕದಲ್ಲೇ ಬರೆದಿದ್ದಾರೆ. ಉಗುರಿನ ಬುಡ ಉಳಿದಿರಬೇಕು, ಅಷ್ಟೇ. ಈಗ ಅವಳಿಗೆ ಹತ್ತು ವರ್ಷ. ಆ ಬೆರಳಿನ ಉಗುರು ಒಂದು ಚೂರು ಅಗಲ, ಬೆರಳಚ್ಚಿನ ಗೆರೆಗಳೂ ಇವೆ.